ಕ್ಯಾಂಟರ್ಬರಿಯ ಜಗಳ, ನಂದ್ಯಾಲದ ನೆನಪು

ಹೋದ ಅಕ್ಟೋಬರಿನಿಂದ ನನಗೂ ನನ್ನ ಮೈದುನನಿಗೂ ಫೋನಿನಲ್ಲಿ ಒಂದೇ ವಾದ, ಲೋಕದ ಆಂಗ್ಲಿಕನ್ ಚರ್ಚುಗಳು ಒಡೆಯುತ್ತಿರುವ ಬಗ್ಗೆ. ಆತ ನಂದ್ಯಾಲದಲ್ಲಿ, ನಾನು ರಾಯದುರ್ಗದಲ್ಲಿ. ಆತನದು ತೆಲುಗು, ನನ್ನದು ಅರ್ಧ ತೆಲುಗು ಅರ್ಧ ಕನ್ನಡ. "ವದಿನಾ (ಅತ್ತಿಗೆ), ಇನ್ನು ಕ್ಯಾಂಟರ್ಬರಿ ಕಥೆ ಮುಗೀತು. ಬೈಬಲ್ ನಂಬುವವರು ಬೇರೆಯಾದರು, ಒಳ್ಳೇದೇ ಆಯ್ತು" ಅನ್ನುತ್ತಾನೆ. ನನಗೆ ಒಳ್ಳೇದಾಯ್ತು ಅನ್ನಿಸುವುದಿಲ್ಲ. ಯಾಕೆ ಅನ್ನುವುದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಸುದ್ದಿ ಹೇಳಿಬಿಡುತ್ತೇನೆ. 2025ರ ಅಕ್ಟೋಬರ್ 3ರಂದು ಸಾರಾ ಮಲ್ಲಾಲಿ ಅವರನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಹೆಸರಿಸಿದರು. ಇಂಗ್ಲೆಂಡಿನ ಚರ್ಚಿಗೂ ಲೋಕದ ಆಂಗ್ಲಿಕನ್ನರಿಗೂ ಅದು ಹಿರಿಯ ಪೀಠ. ಆ ಪೀಠಕ್ಕೆ ಬಂದ ಮೊದಲ ಹೆಂಗಸು ಅವರು. ಮೊದಲು ನರ್ಸ್ ಆಗಿದ್ದವರು. ಇಂಗ್ಲೆಂಡಿನ ಸರಕಾರದಲ್ಲಿ ನರ್ಸಿಂಗ್ ವಿಭಾಗಕ್ಕೇ ಮುಖ್ಯಸ್ಥೆಯಾಗಿದ್ದರು. ಆಮೇಲೆ ಲಂಡನ್ನಿನ ಬಿಷಪ್ ಆದರು. ಅವರಿಗಿಂತ ಮುಂಚಿನ ಜಸ್ಟಿನ್ ವೆಲ್ಬಿ 2024ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟಿದ್ದರು. ಜಾನ್ ಸ್ಮೈತ್ ಎಂಬಾತ ಕ್ರೈಸ್ತ ಶಿಬಿರಗಳಿಗೆ ಬಂದ ಹುಡುಗರನ್ನು ಹಿಂಸಿಸಿದ ವಿಷಯ ಗೊತ್ತಾದ ಮೇಲೂ ಸರಿಯಾದ ಕ್ರಮ ಆಗಲಿಲ್ಲ ಎಂದು ವರದಿ ಬಂದಿತ್ತು. ಅದೇ ರಾಜೀನಾಮೆಗೆ ಕಾರಣ.

ಮಲ್ಲಾಲಿ ಹೆಸರು ಬಂದು ಎರಡು ವಾರ ತುಂಬುವುದರೊಳಗೆ, ಅಕ್ಟೋಬರ್ 16ಕ್ಕೆ, ಗಾಫ್ಕಾನ್ ಎಂಬ, ಹಳೇ ಬೋಧನೆ ಉಳಿಸಬೇಕು ಅನ್ನುವ ಆಂಗ್ಲಿಕನ್ನರ ಒಕ್ಕೂಟ ಒಂದು ಹೇಳಿಕೆ ಹೊರಡಿಸಿತು. ಸಹಿ ಹಾಕಿದವರು ರುವಾಂಡಾದ ಆರ್ಚ್‌ಬಿಷಪ್ ಲಾರೆಂಟ್ ಎಂಬಾಂಡಾ. ಇನ್ನು ಮೇಲೆ ನಾವೇ ಗ್ಲೋಬಲ್ ಆಂಗ್ಲಿಕನ್ ಕಮ್ಯುನಿಯನ್ (ಲೋಕದ ಆಂಗ್ಲಿಕನ್ ಚರ್ಚುಗಳ ಬಳಗ), ನಮ್ಮನ್ನು ಕಟ್ಟಿ ಹಿಡಿಯುವುದು ಬೈಬಲ್ ಒಂದೇ, ಕ್ಯಾಂಟರ್ಬರಿ ಕರೆದ ಕೂಟಗಳಿಗೆ ಹೋಗುವುದಿಲ್ಲ, ಅವರ ಮಂಡಳಿಗೆ ದುಡ್ಡು ಕೊಡುವುದಿಲ್ಲ, ಅಲ್ಲಿಂದ ತಗೊಳ್ಳುವುದೂ ಇಲ್ಲ ಎಂದು ಅದರಲ್ಲಿ ಬರೆದಿತ್ತು. ನನ್ನ ಮೈದುನ ಆ ಹೇಳಿಕೆಯನ್ನು ಅದೇ ವಾರ ನಮ್ಮ ಮನೆ ವಾಟ್ಸಾಪ್ ಗುಂಪಿಗೆ ಹಾಕಿದ. ಜೊತೆಗೆ ಕೈ ಮುಗಿಯುವ ಗುರುತುಗಳು.

ಆಂಗ್ಲಿಕನ್ ಸಭೆ ಅನ್ನುವುದು (ಚರ್ಚನ್ನು ನಾವು ಸಭೆ ಅನ್ನುತ್ತೇವೆ) ರೋಮಿನ ಕಥೋಲಿಕ ಸಭೆಯ ಹಾಗಲ್ಲ. ಮೇಲೆ ಪೋಪ್ ಇಲ್ಲ. 42 ಪ್ರಾಂತ್ಯ ಸಭೆಗಳಿವೆ, ಒಂದೊಂದಕ್ಕೂ ತನ್ನದೇ ಸಿನೋಡ್ ಎಂಬ ಆಡಳಿತ ಕೂಟ, ತನ್ನದೇ ಕಾನೂನು. ಎಲ್ಲ ಸೇರಿ ಸುಮಾರು 8.5 ಕೋಟಿ ಜನ ಅನ್ನುತ್ತಾರೆ. ಕ್ಯಾಂಟರ್ಬರಿ ಆರ್ಚ್‌ಬಿಷಪ್ ಉಳಿದವರನ್ನು ಕರೆಯಬಹುದು, ಕೂರಿಸಬಹುದು, ಹೇಳಿ ನೋಡಬಹುದು. ಅಪ್ಪಣೆ ಕೊಡುವ ಹಾಗಿಲ್ಲ. ಹತ್ತು ವರ್ಷಕ್ಕೊಂದು ಸಲ ಲೋಕದ ಬಿಷಪರನ್ನೆಲ್ಲ ಲ್ಯಾಂಬೆತ್ ಸಮ್ಮೇಳನಕ್ಕೆ ಕರೆಯುತ್ತಾರೆ. ಅಲ್ಲಿ ಆದ ತೀರ್ಮಾನವೂ ಯಾರನ್ನೂ ಕಟ್ಟಿಹಾಕುವುದಿಲ್ಲ.

ಆ ಸಮ್ಮೇಳನ ಶುರುವಾದದ್ದೇ ಜಗಳದಿಂದ. 1860ರ ಸುಮಾರಿಗೆ ದಕ್ಷಿಣ ಆಫ್ರಿಕಾದ ನಟಾಲಿನಲ್ಲಿ ಜಾನ್ ಕೊಲೆನ್ಸೊ ಎಂಬ ಬಿಷಪ್ ಇದ್ದರು. ಬೈಬಲಿನ ಮೊದಲಿಗೆ ಬರುವ ಮೋಶೆಯ ಪುಸ್ತಕಗಳಲ್ಲಿ ಬರೆದದ್ದೆಲ್ಲ ಅಕ್ಷರಶಃ ನಡೆದ ಚರಿತ್ರೆಯಲ್ಲ ಎಂದು ಅವರು ಬರೆದರು. ಇಬ್ಬರು ಮೂವರು ಹೆಂಡತಿಯರಿರುವ ಜುಲು ಗಂಡಸು ಕ್ರೈಸ್ತನಾಗಬೇಕಾದರೆ ಅವರನ್ನು ಮನೆಯಿಂದ ಕಳಿಸಬೇಕು ಅನ್ನುವುದು ಅನ್ಯಾಯ ಎಂದೂ ಹೇಳಿದರು. ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಅವರನ್ನು ಪದವಿಯಿಂದ ಇಳಿಸಿದರು. ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಮೇಲಿನ ನ್ಯಾಯಪೀಠ ಆ ತೀರ್ಪು ನಡೆಯುವುದಿಲ್ಲ ಎಂದಿತು. ಕೆನಡಾದ ಬಿಷಪರು ಗಾಬರಿಯಾಗಿ, ಎಲ್ಲರೂ ಒಂದು ಸಲ ಕೂತು ಮಾತಾಡಬೇಕು ಎಂದು ಕ್ಯಾಂಟರ್ಬರಿಗೆ ಬರೆದರು. 1867ರಲ್ಲಿ ಮೊದಲ ಸಮ್ಮೇಳನ ಆಯಿತು. ಬಂದವರು 76 ಬಿಷಪರು. ಇಂಗ್ಲೆಂಡಿನವರೇ ಆದ ಯಾರ್ಕಿನ ಆರ್ಚ್‌ಬಿಷಪ್ ಬರಲೇ ಇಲ್ಲ.

ಈಗಿನ ಬಿರುಕು ದೊಡ್ಡದಾದದ್ದು 1998ರಲ್ಲಿ. ಆ ವರ್ಷದ ಲ್ಯಾಂಬೆತ್ ಸಮ್ಮೇಳನ, ಸಲಿಂಗ ಸಂಬಂಧ ಬೈಬಲಿಗೆ ಒಪ್ಪುವುದಿಲ್ಲ ಎಂದು 526ಕ್ಕೆ 70 ಮತಗಳಿಂದ ಹೇಳಿತು. 2003ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನವರು ಜೀನ್ ರಾಬಿನ್‌ಸನ್ ಅವರನ್ನು ಬಿಷಪ್ ಮಾಡಿದರು. ಅವರು ಒಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತಿದ್ದರು, ಅದನ್ನು ಮುಚ್ಚಿಟ್ಟಿರಲಿಲ್ಲ. ಆಫ್ರಿಕಾದ ಸಭೆಗಳಿಗೆ ಇದು ಕೊಟ್ಟ ಮಾತು ಮುರಿದ ಹಾಗೆ ಕಂಡಿತು. 2008ರಲ್ಲಿ ಯೆರೂಸಲೇಮಿನಲ್ಲಿ ಗಾಫ್ಕಾನ್ ಹುಟ್ಟಿತು. ಅದೇ ವರ್ಷದ ಲ್ಯಾಂಬೆತ್‌ಗೆ ನೂರಾರು ಬಿಷಪರು ಹೋಗಲಿಲ್ಲ. 2022ರಲ್ಲಿ ನೈಜೀರಿಯಾ, ಉಗಾಂಡಾ, ರುವಾಂಡಾ ಮೂರೂ ದೂರ ಉಳಿದವು. ಹೋದವರಲ್ಲೂ ಕೆಲವು ಬಿಷಪರು ಸಮ್ಮೇಳನದ ಪ್ರಭು ಭೋಜನದಲ್ಲಿ, ಅಂದರೆ ಯೇಸುವಿನ ಕೊನೆಯ ಊಟ ನೆನೆಯುವ ಆರಾಧನೆಯಲ್ಲಿ, ರೊಟ್ಟಿ, ದ್ರಾಕ್ಷಾರಸ ತಗೊಳ್ಳದೆ ಕೂತರು. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಸಿನೋಡ್ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆ ಮಾಡಬಹುದು ಎಂದಿತು. ಅಲ್ಲಿಂದ ಮುಂದೆ ಎಲ್ಲ ಬೇಗ ಬೇಗ ಆಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಭು ಭೋಜನದ ಸುದ್ದಿ. ಬಿಷಪರೇ ಮೇಜಿನ ಹತ್ತಿರ ಹೋಗದೆ ಕೂತದ್ದು. ನಮ್ಮ ಕುಟುಂಬಕ್ಕೆ ಇದು ಹೊಸದಲ್ಲ.

ನಾನು ಹುಟ್ಟಿದ್ದು ಎಲ್.ಎಂ.ಎಸ್. ಮನೆತನದಲ್ಲಿ. ಅಂದರೆ ಲಂಡನ್ ಮಿಷನರಿ ಸೊಸೈಟಿ. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್, ಕನ್ನಡಕ್ಕೆ ಬೈಬಲ್ ತಂದವರಲ್ಲಿ ಮೊದಲಿಗರು, ಅದೇ ಮಿಷನ್ನಿನವರು. ನಮ್ಮ ತಾತ ಬಳ್ಳಾರಿ ಕಡೆಯಿಂದ ರಾಯದುರ್ಗಕ್ಕೆ ಬಂದು ನೆಲೆಸಿದರು. ಎಲ್.ಎಂ.ಎಸ್. ಸಭೆಯಲ್ಲಿ ಬಿಷಪ್ ಇರಲಿಲ್ಲ. ಮೊಣಕಾಲೂರುವುದಿಲ್ಲ, ದೀಪ ಹಚ್ಚುವುದಿಲ್ಲ. ಬೆಂಚಿನಲ್ಲಿ ಕೂತಲ್ಲಿಗೇ ತಟ್ಟೆ ಬರುತ್ತಿತ್ತು, ಚಿಕ್ಕ ಚಿಕ್ಕ ಲೋಟದಲ್ಲಿ ದ್ರಾಕ್ಷಾರಸ. ಪ್ರಸಂಗ ಮಾತ್ರ ಉದ್ದ. ನಾನು ಡಿ. ಹಿರೇಹಾಳ್ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಟೀಚರ್ ಆಗಿದ್ದೆ. ಭಾನುವಾರ ತೆಲುಗು ಆರಾಧನೆ, ಮನೆಯಲ್ಲಿ ಕನ್ನಡ ಬೈಬಲ್. ಗಡಿಯಲ್ಲಿ ನಮಗೆ ಇದು ಸಹಜ.

ಗಂಡನ ಮನೆ ನಂದ್ಯಾಲದ್ದು, ಎಸ್.ಪಿ.ಜಿ. ಎಂಬ ಇಂಗ್ಲೆಂಡಿನ ಮಿಷನ್ನಿನವರು. ಅಪ್ಪಟ ಆಂಗ್ಲಿಕನ್. ಅಲ್ಲಿ ಎಲ್ಲಕ್ಕೂ ಪ್ರಾರ್ಥನೆ ಪುಸ್ತಕ ಬೇಕು. ಕಟಾಂಜನದ ಮುಂದೆ ಮೊಣಕಾಲೂರಿ, ಅಂಗೈ ಮೇಲೆ ಅಂಗೈ ಇಟ್ಟು ರೊಟ್ಟಿ ತಗೊಳ್ಳಬೇಕು. ಎಲ್ಲರಿಗೂ ಒಂದೇ ಪಾತ್ರೆಯಿಂದ ದ್ರಾಕ್ಷಾರಸ. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ನನ್ನನ್ನು ಕೇಳಿದ ಮೊದಲ ದೊಡ್ಡ ಪ್ರಶ್ನೆ ಅಡಿಗೆ ಬರುತ್ತಾ ಅಂತಲ್ಲ. "ನಿಮ್ಮೂರ ಹಳೇ ಅಯ್ಯಗಾರ (ಪಾದ್ರಿಯ) ತಲೆ ಮೇಲೆ ಯಾರು ಕೈ ಇಟ್ಟಿದ್ದರು?" ಅಂತ. ಬಿಷಪ್ ಕೈ ಇಟ್ಟು ಅಭಿಷೇಕ ಮಾಡದವನು ಪ್ರಭು ಭೋಜನ ಕೊಟ್ಟರೆ ಅದು ಸರಿಯಾದ ಪ್ರಭು ಭೋಜನವಾ ಅನ್ನುವುದು ಅವರ ಸಂಶಯ. ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಬಿಷಪರಿಗೆ, ಬಿಷಪರಿಂದ ಪಾದ್ರಿಗೆ, ಆ ಕೈಗಳ ಸಾಲು ಎಲ್ಲೂ ತಪ್ಪಬಾರದು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಈ ಒಂದು ವಿಷಯದಲ್ಲಿ ಯಾವ ದೈವಶಾಸ್ತ್ರದ ಮೇಷ್ಟರಿಗೂ ಅವರು ಕಡಿಮೆ ಇರಲಿಲ್ಲ.

ಆ ಸಂಶಯಕ್ಕೆ ಹಿನ್ನೆಲೆ 1947. ಆ ವರ್ಷ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಎಲ್ಲರೂ ಅನ್ನುವ ಸಿ.ಎಸ್.ಐ., ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಆಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳು ಕೂಡಿಕೊಂಡವು. ಬಿಷಪರಿರುವ ಸಭೆಯೂ ಬಿಷಪರಿಲ್ಲದ ಸಭೆಯೂ ಹೀಗೆ ಕೂಡಿದ್ದು ಅದೇ ಮೊದಲು. ಈ ಮಾತುಕತೆ ಶುರುವಾಗಿದ್ದು 1919ರ ಮೇ ತಿಂಗಳಲ್ಲಿ, ತಮಿಳುನಾಡಿನ ತರಂಗಂಬಾಡಿಯಲ್ಲಿ. ಅಲ್ಲಿ ಸೇರಿದವರು 33 ಜನ, ಇಬ್ಬರನ್ನು ಬಿಟ್ಟರೆ ಎಲ್ಲರೂ ನಮ್ಮ ದೇಶದವರು. ಅವರ ಕೊರಗು ಸರಳ. ಯೂರೋಪಿನವರು ತಮ್ಮ ಚರಿತ್ರೆಯಲ್ಲಿ ಮಾಡಿಕೊಂಡ ಜಗಳಗಳನ್ನು ನಾವು ಯಾಕೆ ಹೊರಬೇಕು? ಮುಂದೆ ನಿಂತವರು ವಿ. ಎಸ್. ಅಜರಯ್ಯ. ಡೋರ್ನಕಲ್‌ನ ಬಿಷಪ್, ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯ. 1910ರಲ್ಲಿ ಎಡಿನ್‌ಬರೋ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಮುಂದೆ ನಿಂತು, ನೀವು ನಿಮ್ಮ ಆಸ್ತಿ ಕೊಟ್ಟಿರಿ, ಮೈಯನ್ನೇ ಕೊಟ್ಟಿರಿ, ನಾವು ಪ್ರೀತಿ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ ಎಂದವರು ಅವರೇ. ಸಭೆಗಳು ಒಂದಾಗುವುದನ್ನು ನೋಡಲು ಅವರು ಉಳಿಯಲಿಲ್ಲ. 1945ರ ಜನವರಿ 1ಕ್ಕೆ ತೀರಿಕೊಂಡರು.

ನಂದ್ಯಾಲದ ಸಭೆಗಳೂ ಅಜರಯ್ಯನವರ ಡಯಾಸಿಸ್‌ಗೇ (ಒಬ್ಬ ಬಿಷಪರ ಕೆಳಗಿನ ಪ್ರದೇಶಕ್ಕೇ) ಸೇರಿದ್ದವು. ಆದರೂ 1947ರಲ್ಲಿ ಅಲ್ಲಿನ ಎಷ್ಟೋ ಜನ ಬರುವುದಿಲ್ಲ ಎಂದುಬಿಟ್ಟರು. ಹಳೇ ಆಂಗ್ಲಿಕನ್ ಸಭೆಯಲ್ಲೇ ಉಳಿದರು. ನಮ್ಮತ್ತೆಯ ಅಪ್ಪ ಎಸ್.ಪಿ.ಜಿ. ಶಾಲೆಯ ಮೇಷ್ಟರು, ಭಾನುವಾರ ಉಪದೇಶಿ. ಅವರು ಹೊರಗೆ ಉಳಿದರು. ಅವರ ತಮ್ಮ ಸಿ.ಎಸ್.ಐ.ಗೆ ಹೋದರು. ಒಂದೇ ಹಳ್ಳಿ, ಒಂದೇ ಬಾವಿ. ಕ್ರಿಸ್‌ಮಸ್‌ಗೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಜ್ಜಾಯ ಹೋಗುತ್ತಿತ್ತು, ಆದರೆ ಅಣ್ಣತಮ್ಮ ಒಟ್ಟಿಗೆ ಪ್ರಭು ಭೋಜನಕ್ಕೆ ಮೊಣಕಾಲೂರಲಿಲ್ಲ. ತಮ್ಮ ತೀರಿಕೊಂಡಾಗ ಅಣ್ಣ ಸಮಾಧಿ ಪ್ರಾರ್ಥನೆಗೆ ಹೋಗಿ ದೂರ ನಿಂತಿದ್ದರಂತೆ. ಇದನ್ನು ಹೇಳುವಾಗ ನಮ್ಮತ್ತೆ ಅಳುತ್ತಿದ್ದರು. ಅಪ್ಪ ಮಾಡಿದ್ದು ತಪ್ಪು ಅಂತ ಮಾತ್ರ ಒಂದು ದಿನವೂ ಹೇಳಲಿಲ್ಲ.

ಹೊರಗೆ ಉಳಿದವರನ್ನು ಹಠಮಾರಿಗಳು ಅಂತ ನಾನು ಅನ್ನಲಾರೆ. ಅವರಿಗೆ ಆ ಪ್ರಾರ್ಥನೆ ಪುಸ್ತಕ ಕೊಟ್ಟದ್ದು ಏನು ಅಂತ ಯೋಚಿಸಬೇಕು. ಊರ ಹೊರಗಿನ ಕೇರಿಯಲ್ಲಿದ್ದವರು ಅವರು. ಗುಡಿಗೆ ಬಿಡದವರು. ಬಿಷಪ್ ಎಂಬ ದೊಡ್ಡ ಮನುಷ್ಯ ಬಂದು, ಮುಟ್ಟಬಾರದು ಅನ್ನಿಸಿಕೊಂಡ ತಲೆಯ ಮೇಲೆ ಎರಡೂ ಕೈ ಇಟ್ಟು ದೃಢೀಕರಣ ಕೊಡುತ್ತಿದ್ದ. ಆ ಕೈಯನ್ನು ಅವರು ಸುಲಭವಾಗಿ ಬಿಟ್ಟುಕೊಡುತ್ತಾರಾ? ಜೊತೆಗೆ ಇಂಗ್ಲೆಂಡಿನಲ್ಲಿ ಎಸ್.ಪಿ.ಜಿ. ಒಳಗೇ, ಈ ಹೊಸ ಸಭೆಗೆ ದುಡ್ಡು ಕಳಿಸಬೇಕೋ ಬೇಡವೋ ಅಂತ ಜಗಳ ನಡೆದಿತ್ತು. ಉಪದೇಶಿಯ ಸಂಬಳ, ಶಾಲೆ, ಹಾಸ್ಟೆಲ್ ಎಲ್ಲ ಆ ದುಡ್ಡಿನಲ್ಲೇ ನಡೆಯುವಾಗ ಹೆದರಿಕೆ ಸಹಜ.

ಸಿ.ಎಸ್.ಐ. ಮಾಡಿದ ಒಪ್ಪಂದದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ವಾದ ನಿಂತಿರುವುದೇ ಅದರ ಮೇಲೆ. ಬಿಷಪರಿಲ್ಲದ ಸಭೆಗಳ ಪಾದ್ರಿಗಳಿಗೆ ಮತ್ತೊಮ್ಮೆ ಅಭಿಷೇಕ ಮಾಡಿಸಲಿಲ್ಲ. ಇದ್ದ ಹಾಗೇ ಒಪ್ಪಿಕೊಂಡರು. ಇನ್ನು ಮುಂದಿನವರಿಗೆಲ್ಲ ಬಿಷಪರೇ ಕೈ ಇಡುತ್ತಾರೆ ಎಂದರು. ಎರಡೂ ಬಗೆಯವರು ಜೊತೆಗಿರುವ ಈ ಕಾಲಕ್ಕೆ 30 ವರ್ಷ ಅಂತ ಇಟ್ಟುಕೊಂಡರು. ಯಾವ ಊರಿನ ಸಭೆಗೂ ಅವರ ಮನಸ್ಸಿಗೆ ಒಗ್ಗದ ಪಾದ್ರಿಯನ್ನು ಬಲವಂತವಾಗಿ ಕಳಿಸುವುದಿಲ್ಲ ಎಂದು ಮಾತು ಕೊಟ್ಟರು. ಮೊದಲು ಎಲ್ಲ ಒಪ್ಪಿ ಆಮೇಲೆ ಕೂಡೋಣ ಅನ್ನಲಿಲ್ಲ. ಕೂಡೋಣ, ಒಟ್ಟಿಗೆ ಇರುತ್ತಾ ಇರುತ್ತಾ ಒಪ್ಪಿಗೆ ಬೆಳೆಯಲಿ ಎಂದರು. 28 ವರ್ಷ ಕೂತು ಮಾತಾಡಿದ ಜನ ಅವರು. ಅವಸರದಲ್ಲಿ ಮಾಡಿದ್ದಲ್ಲ.

ಇದಕ್ಕೆ ಆಂಗ್ಲಿಕನ್ ಲೋಕ ಏನು ಮಾಡಿತು ಗೊತ್ತಾ? ಸಿ.ಎಸ್.ಐ.ಗೆ ಬಂದ ನಾಲ್ಕು ಆಂಗ್ಲಿಕನ್ ಡಯಾಸಿಸ್‌ಗಳು ಆಂಗ್ಲಿಕನ್ ಕಮ್ಯುನಿಯನ್ನಿನಿಂದ ಹೊರಗಾದವು. 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಸಿ.ಎಸ್.ಐ.ನ ಹೊಸ ಬಿಷಪರು ನಿಜವಾದ ಬಿಷಪರೇ ಎಂದು ಒಪ್ಪಿದವರು ಹೆಚ್ಚು, ಆದರೆ ಎಲ್ಲರೂ ಒಪ್ಪಲಿಲ್ಲ. ಇಂಗ್ಲೆಂಡಿನ ಸಭೆ ಅವರ ಅಭಿಷೇಕವನ್ನು ಒಪ್ಪಿಕೊಂಡದ್ದು 1955ರಲ್ಲಿ, ಅದೂ ಷರತ್ತು ಹಾಕಿ. ನಮ್ಮ ಬಿಷಪರು ಪೂರ್ತಿ ಸದಸ್ಯರಾಗಿ ಲ್ಯಾಂಬೆತ್‌ಗೆ ಹೋದದ್ದು 1988ರಲ್ಲಿ. ಅಂದರೆ 41 ವರ್ಷ. ಒಂದಾಗಿದ್ದಕ್ಕೆ ಸಿಕ್ಕಿದ್ದು ಅಷ್ಟು ಉದ್ದದ ಕಾಯುವಿಕೆ.

ಆ ಹೊರಗಿದ್ದ ವರ್ಷಗಳಲ್ಲೇ ಸಿ.ಎಸ್.ಐ. ಲೋಕದ ಸಭೆಗೆ ಒಂದು ಉಡುಗೊರೆ ಕೊಟ್ಟಿತು. 1950ರಲ್ಲಿ ಪ್ರಭು ಭೋಜನದ ಹೊಸ ಕ್ರಮ ಬಂತು. ಕೇರಳದ ಹಳೇ ಸುರಿಯಾನಿ ಕ್ರೈಸ್ತರಲ್ಲಿ ಸಮಾಧಾನವನ್ನು, ಅಂದರೆ ಶಾಂತಿಯ ಹಾರೈಕೆಯನ್ನು, ಕೈಯಿಂದ ಕೈಗೆ ದಾಟಿಸುವ ಪದ್ಧತಿ ಇತ್ತು. ಅದನ್ನು ಈ ಕ್ರಮದಲ್ಲಿ ಸೇರಿಸಿದರು. ಪಾದ್ರಿ ಮೊದಲಿನವರಿಗೆ, ಅವರು ಪಕ್ಕದವರಿಗೆ, ಹೀಗೆ ಕೊನೆಯ ಬೆಂಚಿನವರೆಗೆ. ಮುಂದಿನ ವರ್ಷಗಳಲ್ಲಿ ಇಂಗ್ಲೆಂಡ್, ಅಮೆರಿಕದ ಸಭೆಗಳ ಆರಾಧನೆಯಲ್ಲೂ ಇದು ಬಂತು. ಈಗ ಎಲ್ಲಾ ಕಡೆ ಮಾಡುತ್ತಾರೆ. ನಮ್ಮ ಬಿಷಪರನ್ನು ಅರೆಮನಸ್ಸಿನಿಂದ ನೋಡುತ್ತಿದ್ದವರ ಚರ್ಚಿನೊಳಗೆ ನಮ್ಮ ಸಮಾಧಾನ ಹೋಗಿ ಕೂತಿದೆ. ನನಗೆ ಇದನ್ನು ನೆನೆದರೆ ತುಂಬಾ ಸಂತೋಷ ಆಗುತ್ತದೆ.

ನಂದ್ಯಾಲದವರು ಸಿ.ಎಸ್.ಐ.ಗೆ ಬಂದದ್ದು 1975ರಲ್ಲಿ. ತಮ್ಮದೇ ಡಯಾಸಿಸ್ ಆಗಿ, ಮರ್ಯಾದೆಯಿಂದ ಬಂದರು. ತರಂಗಂಬಾಡಿಯಿಂದ ಮದ್ರಾಸಿಗೆ 28 ವರ್ಷ, ಮದ್ರಾಸಿನಿಂದ ನಂದ್ಯಾಲಕ್ಕೆ ಮತ್ತೆ 28 ವರ್ಷ. ನೀವು ತಪ್ಪು ಮಾಡಿದಿರಿ, ಮಂಡಿಯೂರಿ ಬನ್ನಿ ಅಂತ ಯಾರೂ ಅವರನ್ನು ಕೇಳಲಿಲ್ಲ. ನಾನು ಮದುವೆಯಾಗಿ ಹೋಗುವ ಹೊತ್ತಿಗೆ ಸಿ.ಎಸ್.ಐ. ಅನ್ನುವ ಬೋರ್ಡು ಬಂದಿತ್ತು, ಒಳಗಿನ ಆರಾಧನೆ ಮಾತ್ರ ಅತ್ತೆಯ ಕಾಲದ್ದೇ. ಅದೂ ಒಳ್ಳೆಯದಾಯಿತು. ಮೊಣಕಾಲೂರುವುದನ್ನು ನಾನು ಕಲಿತೆ, ಈಗ ಅದಿಲ್ಲದೆ ನನಗೆ ಪ್ರಭು ಭೋಜನ ಅನ್ನಿಸುವುದೇ ಇಲ್ಲ.

ಇನ್ನು 2013. ಆ ವರ್ಷ ಸೆಪ್ಟೆಂಬರಿನಲ್ಲಿ ಇ. ಪುಷ್ಪಲಲಿತ ಅವರನ್ನು ನಂದ್ಯಾಲದ ಬಿಷಪ್ ಮಾಡಿದರು. ಸಿ.ಎಸ್.ಐ.ಗೆ ಮೊದಲ ಮಹಿಳಾ ಬಿಷಪ್. ಹಳೇ ಪದ್ಧತಿ ಉಳಿಸಬೇಕು ಅಂತ 1947ರಲ್ಲಿ ಹೊರಗೆ ನಿಂತ ಅದೇ ನಂದ್ಯಾಲ! ಇಂಗ್ಲೆಂಡಿನ ಸಭೆಗೆ ಮೊದಲ ಮಹಿಳಾ ಬಿಷಪ್ ಲಿಬಿ ಲೇನ್ ಬಂದದ್ದು 2015ರ ಜನವರಿಯಲ್ಲಿ. ಲಂಡನ್ನಿಗಿಂತ ನಂದ್ಯಾಲ ಮುಂದಿತ್ತು. ಇದನ್ನು ನಾನು ಹೇಳಿದರೆ ನನ್ನ ಮೈದುನ ಸುಮ್ಮನಾಗುತ್ತಾನೆ. ಪುಷ್ಪಲಲಿತ ಬಿಷಪ್ ಆದ ದಿನ ಹೋಲಿ ಕ್ರಾಸ್ ಕೆಥೆಡ್ರಲ್ ಮುಂದೆ ಜನ ನಿಭಾಯಿಸಿದ ಸ್ವಯಂಸೇವಕರಲ್ಲಿ ಆತನೂ ಒಬ್ಬ. ಆಕೆಯ ಕೈಯಿಂದ ರೊಟ್ಟಿ ತಗೊಂಡಿದ್ದಾನೆ. ಹಾಗಾದರೆ ಮಲ್ಲಾಲಿ ಹೆಂಗಸು ಅನ್ನುವುದು ತೊಂದರೆ ಅಲ್ಲ ತಾನೆ ಅಂದರೆ, ಅಲ್ಲ, ಅವರು ಆ ಆಶೀರ್ವಾದದ ಪ್ರಾರ್ಥನೆಗೆ ಬೆಂಬಲ ಕೊಟ್ಟವರು, ಅದು ತೊಂದರೆ ಅನ್ನುತ್ತಾನೆ.

ಆತ ಸೇರಬೇಕು ಅನ್ನುವ ಗಾಫ್ಕಾನ್ ಒಳಗೂ ಹೆಂಗಸರ ವಿಷಯದಲ್ಲಿ ಒಂದು ಮಾತಿಲ್ಲ. ನೈಜೀರಿಯಾದಲ್ಲಿ ಹೆಂಗಸು ಬಿಷಪ್ ಆಗುವ ಹಾಗಿಲ್ಲ. ಕೀನ್ಯಾದಲ್ಲಿ 2021ರಿಂದ ಮಹಿಳಾ ಬಿಷಪರಿದ್ದಾರೆ. ಆದರೂ ಅವರು ಒಟ್ಟಿಗೆ ಕೂರುತ್ತಾರೆ. ಅಭಿಷೇಕದಂಥ ದೊಡ್ಡ ವಿಷಯದಲ್ಲಿ ಬೇರೆ ಬೇರೆ ಮನಸ್ಸಿದ್ದೂ ಒಂದೇ ಮೇಜಿಗೆ ಬರಬಹುದು ಅಂತ ಅವರೇ ತೋರಿಸಿದ್ದಾರೆ, ಅಲ್ವಾ?

ಆಫ್ರಿಕಾದವರ ಕೋಪ ನನಗೆ ಅರ್ಥವಾಗುತ್ತದೆ. ಸಭೆಯ ಜನ ಜಾಸ್ತಿ ಇರುವುದು ಈಗ ಅಲ್ಲಿ. ಆದರೆ ಲೋಕಕ್ಕೆಲ್ಲ ಗುರುತಾದ ಆರ್ಚ್‌ಬಿಷಪರನ್ನು ಇಂಗ್ಲೆಂಡಿನ ಸಮಿತಿ ಆರಿಸುತ್ತದೆ, ರಾಜರ ಒಪ್ಪಿಗೆ ಬೇಕು. ಈ ಸಲದ ಸಮಿತಿಯ 17 ಮತಗಳಲ್ಲಿ ಹೊರಗಿನ ದೇಶಗಳಿಗೆ ಸಿಕ್ಕಿದ್ದು 5. 1998ರಲ್ಲಿ ಅಷ್ಟು ದೊಡ್ಡ ಬಹುಮತದಿಂದ ಹೇಳಿದ್ದನ್ನು ಶ್ರೀಮಂತ ದೇಶಗಳ ಸಭೆಗಳು ಪಕ್ಕಕ್ಕಿಟ್ಟವು. ಹೊಲದ ಕೆಲಸ ಎಲ್ಲ ನಮ್ಮದು, ಪಟ್ಟಾ ಮಾತ್ರ ಇನ್ನೊಬ್ಬರ ಹೆಸರಲ್ಲಿ ಅನ್ನುವ ನೋವು ಅದು. ರಾಯಲಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆ ಒಂದು ದಾರಿಯನ್ನು ಆಂಗ್ಲಿಕನ್ ಸಮಿತಿಯೊಂದು 2024ರ ಡಿಸೆಂಬರಿನಲ್ಲಿ ಮುಂದಿಟ್ಟಿದೆ. ನೈರೋಬಿ–ಕೈರೋ ಪ್ರಸ್ತಾವ ಅನ್ನುತ್ತಾರೆ. ಕ್ಯಾಂಟರ್ಬರಿಗೆ ಇರುವ ಹಿರಿತನದ ಕೆಲಸವನ್ನು ಬೇರೆ ಖಂಡಗಳವರ ಜೊತೆ ಹಂಚಿಕೊಳ್ಳಬೇಕು, ಆಂಗ್ಲಿಕನ್ ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಲ್ಲಿ ಸುತ್ತಬೇಕು ಎಂದು ಅದರ ಸಾರ. ನನಗೆ ಇದು ಸರಿ ಕಾಣುತ್ತದೆ. ಇಂಗ್ಲೆಂಡಿನವರು ಇದನ್ನು ಹಿಂದೆಯೇ ಮಾಡಬೇಕಿತ್ತು.

ಕೊಲೆನ್ಸೊ ಎತ್ತಿದ್ದ ಇನ್ನೊಂದು ವಿಷಯ ಏನಾಯಿತು ಅನ್ನುವುದನ್ನೂ ನನ್ನ ಮೈದುನನಿಗೆ ಹೇಳಿದೆ. 1888ರ ಲ್ಯಾಂಬೆತ್, ಒಬ್ಬಳಿಗಿಂತ ಜಾಸ್ತಿ ಹೆಂಡತಿಯರಿರುವ ಗಂಡಸಿಗೆ ದೀಕ್ಷಾಸ್ನಾನ ಇಲ್ಲ ಎಂದಿತು. ಆ ಹೆಂಡತಿಯರು ಎಲ್ಲಿಗೆ ಹೋಗಬೇಕು? ಮಕ್ಕಳು ಯಾರ ಮನೆಯಲ್ಲಿ ಉಣ್ಣಬೇಕು? ಆಫ್ರಿಕಾದ ಸಭೆಗಳು ಕೇಳುತ್ತಲೇ ಬಂದವು. ನೂರು ವರ್ಷ ಆದ ಮೇಲೆ, 1988ರಲ್ಲಿ, ಅದೇ ಲ್ಯಾಂಬೆತ್ ಒಪ್ಪಿತು. ಹೆಂಡತಿಯರನ್ನು ಹೊರಗೆ ಹಾಕದೆ ಆತನನ್ನು ಕುಟುಂಬದ ಸಮೇತ ಸಭೆಗೆ ಸೇರಿಸಿಕೊಳ್ಳಬಹುದು. ಮದುವೆ ವಿಷಯದಲ್ಲೇ, ಆಫ್ರಿಕಾದವರ ಮಾತು ಕೇಳಿ, ಲೋಕದ ಸಭೆ ದಾರಿ ಬದಲಿಸಿತು. ಯಾರೂ ಬಿಟ್ಟು ಹೋಗಲಿಲ್ಲ.

ಆತ ಕೊಟ್ಟ ಉತ್ತರವೂ ಸಣ್ಣದಲ್ಲ. "ಅಲ್ಲಿ ಇನ್ನು ಮುಂದೆ ಮತ್ತೊಂದು ಮದುವೆ ಆಗಬಾರದು ಅಂತ ಷರತ್ತು ಇಟ್ಟರು ವದಿನಾ. ಆಗಿಹೋದದ್ದಕ್ಕೆ ಕನಿಕರ ತೋರಿಸಿದರು. ಒಬ್ಬ ಗಂಡ, ಒಬ್ಬ ಹೆಂಡತಿ ಅನ್ನುವ ಮಾತು ಬದಲಾಗಲಿಲ್ಲ. ಈಗ ಮಾತನ್ನೇ ಬದಲಿಸುತ್ತಿದ್ದಾರೆ" ಎಂದ. ಆತ ಬೈಬಲನ್ನು ಪ್ರೀತಿಸುವವನು, ಆ ಪ್ರೀತಿಗೆ ನಾನು ಬೆಲೆ ಕೊಡುತ್ತೇನೆ. ಈ ವಿಷಯದಲ್ಲಿ ನಮ್ಮ ಊರುಗಳ ಸಭೆಗಳಲ್ಲಿ ಆತನ ಹಾಗೆ ಯೋಚಿಸುವವರೇ ಜಾಸ್ತಿ.

ಆದರೆ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ನಮ್ಮ ಸಭೆಯ ಗಾಯನ ತಂಡದಲ್ಲಿದ್ದ, ಸಂಡೇ ಸ್ಕೂಲಿನಲ್ಲಿ ನನ್ನ ಹತ್ತಿರ ಕಲಿತವನು. ಈಗ ಬೇರೆ ಊರಿನಲ್ಲಿದ್ದಾನೆ. ತಾನು ಎಂಥವನು ಅಂತ ಒಂದು ದಿನ ನನಗೆ ಹೇಳಿದ. ನಾನು ಇನ್ಯಾರಿಗೂ ಹೇಳಿಲ್ಲ, ಇಲ್ಲೂ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಆತ ಕೇಳಿದ್ದು ಮದುವೆ ಮಾಡಿಸಿ ಅಂತಲ್ಲ, ಆಶೀರ್ವಾದ ಮಾಡಿಸಿ ಅಂತಲೂ ಅಲ್ಲ. ಊರಿಗೆ ಬಂದಾಗ ಪ್ರಭು ಭೋಜನಕ್ಕೆ ಬರಬಹುದಾ ಟೀಚರ್ ಅಂತ. ಬಾ ಅಂದೆ. ನನ್ನ ಪಕ್ಕದಲ್ಲೇ ಮೊಣಕಾಲೂರು ಅಂದೆ. ಬಂದ. ದೊಡ್ಡ ದೊಡ್ಡ ಬಿಷಪರು, ಆ ಇನ್ನೊಬ್ಬ ಬಿಷಪ್ ಇರುವ ಮೇಜಿಗೆ ನಾವು ಬರುವುದಿಲ್ಲ ಅಂದಾಗ ನನಗೆ ನೋವಾಗುವುದು ಇಲ್ಲಿ. ಆ ಮೇಜು ಕ್ಯಾಂಟರ್ಬರಿಯದಲ್ಲ, ಗಾಫ್ಕಾನಿನದೂ ಅಲ್ಲ. ಕರೆಯುವವನು ಕರ್ತನು. ತನ್ನನ್ನು ಹಿಡಿದುಕೊಟ್ಟ ಯೂದನನ್ನೂ ಕೂರಿಸಿಕೊಂಡು ರೊಟ್ಟಿ ಮುರಿದವನು.

ಸಿ.ಎಸ್.ಐ. ಎಲ್ಲದರಲ್ಲೂ ಮೇಲ್ಪಂಕ್ತಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಚುನಾವಣೆ ಜಗಳಗಳು, ಆಸ್ತಿ ಜಗಳಗಳು ಕೋರ್ಟಿನವರೆಗೆ ಹೋಗಿವೆ. ಅದಕ್ಕಿಂತ ಆಳದ ಬಿರುಕು ಜಾತಿಯದು. ತೆಲುಗು ನಾಡಿನಲ್ಲಿ ಒಂಗೋಲು ಕಡೆ ಬ್ಯಾಪ್ಟಿಸ್ಟ್ ಮಿಷನ್ ಸೇರಿದವರಲ್ಲಿ ಮಾದಿಗರು ಹೆಚ್ಚು, ನಮ್ಮ ಕಡೆಯ ಮಿಷನ್ನುಗಳಿಗೆ ಬಂದವರಲ್ಲಿ ಮಾಲರು ಹೆಚ್ಚು. ಹೆಸರು ಬ್ಯಾಪ್ಟಿಸ್ಟ್, ಆಂಗ್ಲಿಕನ್ ಅಂತ ಇತ್ತು. ಹೆಣ್ಣು ಕೊಡುವಾಗ ಕೇಳಿದ್ದು ಬೇರೆ. ಇಬ್ಬರೂ ಇರುವ ಸಭೆಯಲ್ಲಿ ಪಾದ್ರಿ ಯಾವ ಕಡೆಯವರು ಅನ್ನುವುದಕ್ಕೆ ಆಗುವ ಗಲಾಟೆ ನಾನು ಕಣ್ಣಾರೆ ಕಂಡಿದ್ದೇನೆ. ಲಂಡನ್ನಿನಲ್ಲಿ ಯಾರು ಯಾರನ್ನು ಆಶೀರ್ವದಿಸಿದರು ಅಂತ ನಮ್ಮ ಗುಂಪಿನಲ್ಲಿ ದಿನಕ್ಕೆ ಹತ್ತು ಮೆಸೇಜು ಬರುತ್ತವೆ. ಇದರ ಬಗ್ಗೆ ಒಂದು ಮೆಸೇಜೂ ಬರುವುದಿಲ್ಲ. ಇದಕ್ಕೆ ನನಗೆ ನಿಜವಾಗಿಯೂ ಸಿಟ್ಟಿದೆ, ಮೈದುನನಿಗೂ ಹೇಳಿದ್ದೇನೆ. ಇದೊಂದು ಮಾತನ್ನು ಆತ ಒಪ್ಪಿದ.

ಮಲ್ಲಾಲಿ ಈ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ನೈರೋಬಿ–ಕೈರೋ ಪ್ರಸ್ತಾವವನ್ನು ಆಂಗ್ಲಿಕನ್ ಮಂಡಳಿ ಇದೇ 2026ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಚರ್ಚೆಗೆ ತಗೊಳ್ಳುತ್ತದೆ. ಅಲ್ಲಿ ಸಿ.ಎಸ್.ಐ. ಪರವಾಗಿ ಹೋಗುವವರು ನಂದ್ಯಾಲದ ಕಥೆ ಹೇಳಬೇಕು ಅಂತ ನಾನು ನಮ್ಮ ಡಯಾಸಿಸ್ ಆಫೀಸಿಗೆ ಪತ್ರ ಬರೆದಿದ್ದೇನೆ, ತೆಲುಗಿನಲ್ಲಿ. ಹೊರಗೆ ಹೋದವರಿಗೆ ಬಾಗಿಲು ಹಾಕಬೇಡಿ, ಅವರು ಬರುವವರೆಗೂ ಅವರ ಡಯಾಸಿಸ್, ಅವರ ಪ್ರಾರ್ಥನೆ ಪುಸ್ತಕಕ್ಕೆ ಮರ್ಯಾದೆ ಕೊಡಿ, ಬಂದಾಗ ಲೆಕ್ಕ ಕೇಳಬೇಡಿ ಅಂತ. ಅದನ್ನು ಮೈದುನನಿಗೂ ಓದಿ ಹೇಳಿದೆ. "ಹೊರಗೆ ಹೋದವರು ಯಾರು ಅನ್ನುವುದೇ ಪ್ರಶ್ನೆ ವದಿನಾ, ನಾವಾ ಅವರಾ?" ಅಂದ. ಮೇ ತಿಂಗಳಲ್ಲಿ ಮಕ್ಕಳನ್ನು ಕರಕೊಂಡು ರಾಯದುರ್ಗಕ್ಕೆ ಬರುತ್ತಾನೆ. ಉಳಿದದ್ದನ್ನು ಆಗ ಕೂತು ಮಾತಾಡುತ್ತೇವೆ.